ಸುಖಿ ಯಾರು?

ಸುಖವನ್ನು ಬಯಸದ ಜೀವಿ ಈ ಜಗತ್ತಿನಲ್ಲಿಲ್ಲ. ಆದರೆ ಆ ಸುಖ ಯಾವಾಗ ದೊರೆಯುವುದೆಂದು ಕೇಳಿದರೆ ಬಹುಮಂದಿಯ ಉತ್ತರ ಒಂದೇ: ಈಗಲ್ಲ, ಮುಂದೆ. ಇರುವೆಯು ಮಳೆಗಾಲಕ್ಕೆಂದು ಕಾಳನ್ನು ಕೂಡಿಡುವಂತೆ ಮನುಷ್ಯನು ತನ್ನ ಸುಖವನ್ನೂ ಬರಲಿರುವ ದಿನಗಳಿಗೆಂದು ತೆಗೆದಿಡುತ್ತಾನೆ. ಕಾಳು ಕೆಡದೆ ಉಳಿದೀತು. ತೆಗೆದಿಟ್ಟ ಸುಖ ಹಾಗೆ ಉಳಿಯುವುದೇ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಈ ವಿಚಾರ ಹೊಸದಲ್ಲ. ಮಹಾಭಾರತದ ವನಪರ್ವದ ಕಡೆಯಲ್ಲಿ ಬರುವ ಯಕ್ಷಪ್ರಶ್ನೆಯ ಪ್ರಸಂಗವನ್ನು ಅರಿಯದ ಕನ್ನಡಿಗರು ವಿರಳ. ಹನ್ನೆರಡು ವರ್ಷಗಳ ವನವಾಸ ಮುಗಿಯುತ್ತ ಬಂದಿದೆ. ಬ್ರಾಹ್ಮಣನೊಬ್ಬನ ಅರಣಿಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಓಡಿದ ಜಿಂಕೆಯನ್ನು ಬೆನ್ನಟ್ಟಿ ಪಾಂಡವರು ದಣಿದಿದ್ದಾರೆ. ನೀರು ತರಲು ಮೊದಲು ನಕುಲ ಹೋಗುತ್ತಾನೆ, ಬಳಿಕ ಸಹದೇವ, ಅರ್ಜುನ, ಭೀಮ. ಹೋದವರು ಯಾರೂ ಮರಳುವುದಿಲ್ಲ. ಕೊನೆಗೆ ಧರ್ಮರಾಜನೇ ಸರೋವರದ ತೀರಕ್ಕೆ ಬಂದು ನೋಡಿದರೆ ನಾಲ್ವರು ತಮ್ಮಂದಿರೂ ಪ್ರಾಣವಿಲ್ಲದೆ ಬಿದ್ದಿದ್ದಾರೆ. ಅಂಥ ಘಳಿಗೆಯಲ್ಲಿ ಯಕ್ಷನು ಕೇಳುವ ಅನೇಕ ಪ್ರಶ್ನೆಗಳಲ್ಲಿ ಒಂದು ಇದು: ಲೋಕದಲ್ಲಿ ಸಂತೋಷದಿಂದ ಇರುವವನು ಯಾರು?

ಧರ್ಮರಾಜನ ಉತ್ತರದಲ್ಲಿ ಸ್ವರ್ಗದ ಮಾತಿಲ್ಲ, ಸಿಂಹಾಸನದ ಮಾತಿಲ್ಲ. ಸಾಲವಿಲ್ಲದೆ, ಪರಸ್ಥಳದಲ್ಲಿ ಅಲೆಯದೆ, ತನ್ನ ಮನೆಯಲ್ಲಿ ಹೊತ್ತು ಮೀರಿಯಾದರೂ ಒಂದಿಷ್ಟು ಸೊಪ್ಪನ್ನು ಬೇಯಿಸಿಕೊಳ್ಳುವವನೇ ಸುಖಿ ಎಂಬುದು ಆತನ ಅಭಿಪ್ರಾಯ. ಆ ಅಡುಗೆ ದಿನದ ಎಂಟನೆಯ ಭಾಗದಲ್ಲಿ ಆಗುವುದೆಂದು ಒಂದು ಪಾಠ ಹೇಳಿದರೆ, ಐದನೆಯ ಅಥವಾ ಆರನೆಯ ದಿನ ಆಗುವುದೆಂದು ಇನ್ನೊಂದು ಪಾಠ ಹೇಳುತ್ತದೆ. ಪಾಠ ಯಾವುದಾದರೂ ಇಂಗಿತ ಒಂದೇ. ಊಟ ತಡವಾಗಲಿ, ಬಡವಾಗಲಿ. ಅದು ತನ್ನ ಒಲೆಯ ಮೇಲೆ ಬೆಂದದ್ದಾದರೆ ಸಾಕು.

ಈ ಉತ್ತರವನ್ನು ಓದಿದ ಹೊರನಾಡ ಕನ್ನಡಿಗನ ಎದೆ ಒಮ್ಮೆ ನಡುಗದಿರದು. ಸುಖಿಯ ಲಕ್ಷಣಗಳಲ್ಲಿ ಎರಡು ಅವನಿಗೆ ನೇರವಾಗಿ ಎದುರಾಗಿ ನಿಲ್ಲುತ್ತವೆ. ಒಂದು ‘ಅನೃಣಿ’, ಸಾಲವಿಲ್ಲದವನು. ಇನ್ನೊಂದು ‘ಅಪ್ರವಾಸಿ’, ಊರು ಬಿಟ್ಟು ಹೋಗದವನು. ಥಾಣೆಯ ಮಾಜಿವಾಡಾದಲ್ಲಿ ನೆಲೆಸಿದ ಸಾಮಾನ್ಯ ಕನ್ನಡ ಗೃಹಸ್ಥನನ್ನು ಎದುರಿಗೆ ನಿಲ್ಲಿಸಿ ನೋಡಿದರೆ, ಅವನು ಪ್ರಾಯಶಃ ಸಾಲಗಾರ, ನಿಶ್ಚಯವಾಗಿ ಪ್ರವಾಸಿ. ಹಾಗಾದರೆ ಸಾಲದ ಕೊನೆಯ ಕಂತು ತೀರಿ, ಗಂಟುಮೂಟೆ ಕಟ್ಟಿ ಊರಿಗೆ ಹಿಂದಿರುಗುವ ತನಕ ಸುಖದ ಬಾಗಿಲು ಅವನಿಗೆ ಮುಚ್ಚಿಯೇ ಇರಬೇಕೆ?

ಮಾಜಿವಾಡಾ ಎಂಬ ಸ್ಥಳವೇ ಈ ಪ್ರಶ್ನೆಗೆ ತಕ್ಕ ಭೂಮಿಕೆಯಾಗಿದೆ. ಮುಂಬಯಿಯಿಂದ ಬರುವ ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. ಒಂದು ದಾರಿ ನಾಸಿಕದ ಕಡೆಗೆ ಸಾಗಿದರೆ ಇನ್ನೊಂದು ಘೋಡ್‌ಬಂದರ್ ರಸ್ತೆಯಾಗಿ ತಿರುಗಿ ಅಹಮದಾಬಾದಿನ ಹೆದ್ದಾರಿಯನ್ನು ಸೇರಿಕೊಳ್ಳುತ್ತದೆ. ಎಲ್ಲಿಗೋ ಹೋಗುವವರು ಹಾದುಹೋಗುವ ನಾಕಾ ಇದು. ಹಿಂದೊಮ್ಮೆ ಹಳ್ಳಿಯಾಗಿದ್ದು, ಬಳಿಕ ಸುತ್ತಮುತ್ತ ಕಾರ್ಖಾನೆಗಳು ಬಂದು, ಅವುಗಳಲ್ಲಿ ಹಲವು ಮುಚ್ಚಿದ ಮೇಲೆ ಮುಗಿಲೆತ್ತರದ ವಸತಿ ಕಟ್ಟಡಗಳು ಎದ್ದ ನೆಲ. ೨೦೧೮ರಲ್ಲಿ ವಡಾಳಾದಿಂದ ಕಾಸಾರವಡವಲಿಗೆ ಹೋಗುವ ಮೆಟ್ರೋ ಮಾರ್ಗದ ಕಾಮಗಾರಿ ಆರಂಭವಾಯಿತು. ಅಂದಿನಿಂದ ವರ್ಷಗಟ್ಟಲೆ ವಾಹನಗಳು ತಗಡಿನ ತಡೆಗಳ ನಡುವೆ ತೆವಳಿದುವು. ಮೆಟ್ರೋ ಬಂದ ಮೇಲೆ ಸುಖ ಎಂಬ ಮಾತು ಬಸ್ಸಿನ ಸಾಲುಗಳಲ್ಲಿ ನಿತ್ಯದ ಸಮಾಧಾನವಾಯಿತು.

ಈ ನೆಲದಲ್ಲಿ ಕನ್ನಡ ನುಡಿಯುವವರು ಬಗೆಬಗೆಯವರಿದ್ದಾರೆ. ಹೋಟೆಲು ಉದ್ಯಮಕ್ಕೆಂದು ಬಂದ ಕರಾವಳಿಯವರು, ಬ್ಯಾಂಕು ಕಚೇರಿಗಳ ನೌಕರಿಗೆಂದು ವರ್ಗವಾಗಿ ಬಂದವರು, ಕಟ್ಟಡ ಕೆಲಸಕ್ಕೆಂದು ಕಲಬುರಗಿ ವಿಜಯಪುರಗಳಿಂದ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಬಂದವರು. ಸ್ಥಿತಿಗತಿಗಳಲ್ಲಿ ಇವರ ನಡುವೆ ಅಜಗಜಾಂತರವಿರಬಹುದು. ಆದರೆ ‘ಆದ ಮೇಲೆ’ ಎಂಬ ಎರಡು ಶಬ್ದಗಳು ಇವರೆಲ್ಲರ ಬಾಯಲ್ಲಿಯೂ ಒಂದೇ ರೀತಿಯಲ್ಲಿ ಕೇಳಿಬರುತ್ತವೆ. ಊರು ಬಿಟ್ಟು ಬಂದ ತರುಣನಿಗೆ ನೌಕರಿ ಖಾಯಂ ಆದ ಮೇಲೆ ಸುಖ. ಖಾಯಂ ಆದವನಿಗೆ ಮದುವೆಯಾದ ಮೇಲೆ. ಮದುವೆಯಾದವನಿಗೆ ಬಾಡಿಗೆಯ ಖೋಲಿ ಬಿಟ್ಟು ಸ್ವಂತ ಮನೆಯಾದ ಮೇಲೆ. ಮನೆ ಕೊಂಡವನಿಗೆ ಕಂತು ತೀರಿದ ಮೇಲೆ. ಕಂತು ತೀರುವಷ್ಟರಲ್ಲಿ ಮಗನ ಹತ್ತನೆಯ ತರಗತಿ, ಮಗಳ ಕಾಲೇಜು, ಇಬ್ಬರ ವಿವಾಹ. ಕಟ್ಟಕಡೆಗೆ ನಿವೃತ್ತಿಯಾದ ಮೇಲೆ, ಊರು ಸೇರಿದ ಮೇಲೆ. ಇಪ್ಪತ್ತು ವರ್ಷದ ಗೃಹಸಾಲಕ್ಕೆ ೨೪೦ ಕಂತುಗಳು. ಸುಖವನ್ನು ೨೪೧ನೆಯ ತಿಂಗಳಿಗೆ ಗೊತ್ತುಮಾಡಿಕೊಂಡವನ ಪಾಲಿಗೆ ಆ ೨೪೦ ತಿಂಗಳುಗಳು ಬಾಳೇ ಅಲ್ಲ. ಬಾಳಿನ ಕಡೆಗೆ ಹೋಗುವ ದಾರಿಯ ಖರ್ಚು.

ಇದೇ ಲೆಕ್ಕವನ್ನು ಇನ್ನೊಂದು ಬಗೆಯಿಂದ ಮಾಡಬಹುದು. ಕಚೇರಿಗೆ ಹೋಗಿಬರಲು ದಿನಕ್ಕೆ ಎರಡು ತಾಸು ವ್ಯಯವಾಗುವುದೆಂದು ಇಟ್ಟುಕೊಳ್ಳೋಣ. ಥಾಣೆಯವನಿಗೆ ಇದು ಹೆಚ್ಚಿನ ಅಂದಾಜಲ್ಲ. ವರ್ಷಕ್ಕೆ ೩೦೦ ದಿನಗಳಂತೆ ೬೦೦ ತಾಸು, ಎಂದರೆ ಹಗಲಿರುಳು ಕೂಡಿದ ೨೫ ದಿನಗಳು. ಮೂವತ್ತೈದು ವರ್ಷಗಳ ಸೇವೆಯಲ್ಲಿ ಇವು ೮೭೫ ದಿನಗಳಾಗುತ್ತವೆ, ಸುಮಾರು ಎರಡು ವರ್ಷ ಐದು ತಿಂಗಳು. ಇಷ್ಟು ಕಾಲವನ್ನು ಒಬ್ಬ ಮನುಷ್ಯನು ಗಾಡಿಯ ಕಂಬಿ ಹಿಡಿದು ನಿಂತೇ ಕಳೆಯುತ್ತಾನೆ. ಇದನ್ನು ಬಾಳಿನ ಲೆಕ್ಕಕ್ಕೆ ಸೇರಿಸಬೇಕೆ, ಬಿಡಬೇಕೆ? ಬಿಟ್ಟರೆ ಆಯುಷ್ಯ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಸೇರಿಸುವುದಾದರೆ ಆ ಎರಡು ತಾಸುಗಳಲ್ಲಿಯೂ ಬದುಕುವುದನ್ನು ಕಲಿಯಬೇಕು.

ಉಳಿತಾಯದ ಗುಣ ಕನ್ನಡಿಗರಿಗೆ, ವಿಶೇಷವಾಗಿ ಕರಾವಳಿಯವರಿಗೆ, ರಕ್ತಗತವಾದುದು. ೧೯೨೫ರಲ್ಲಿ ಉಡುಪಿಯಲ್ಲಿ ಸ್ಥಾಪಿತವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಪ್ರಸಿದ್ಧವಾದ ಸಂಸ್ಥೆಯು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದನು. ೨೦೨೦ರ ಏಪ್ರಿಲ್ ೧ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೂ ಪಿಗ್ಮಿ ಎಂಬ ಶಬ್ದ ಜನರ ನಾಲಿಗೆಯಿಂದ ಮಾಸಲಿಲ್ಲ. ಹನಿಹನಿಗೂಡಿ ಹಳ್ಳವಾಗುವ ಆ ಮಾರ್ಗದಿಂದ ಎಷ್ಟೋ ಬಡಕುಟುಂಬಗಳಿಗೆ ಆಸರೆ ದೊರೆಯಿತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಹಣದ ಧರ್ಮ ಬೇರೆ, ಹೊತ್ತಿನ ಧರ್ಮ ಬೇರೆ. ಇಂದಿನ ಎರಡಾಣೆಯನ್ನು ಇಂದು ಖರ್ಚು ಮಾಡದೆ ಇಟ್ಟರೆ ಅದು ಬಡ್ಡಿಯೊಡನೆ ಮರಳಿ ಕೈಸೇರುತ್ತದೆ. ಇಂದಿನ ಸಂಜೆಯನ್ನು ಅನುಭವಿಸದೆ ಇಟ್ಟರೆ ಅದು ಯಾವ ಖಾತೆಗೂ ಜಮೆಯಾಗುವುದಿಲ್ಲ. ಮಗು ಮೊದಲ ಸಲ ಗೋಡೆ ಹಿಡಿದು ನಿಂತ ಘಳಿಗೆಯನ್ನು ನಿವೃತ್ತಿಯ ಬಳಿಕ ನೋಡುವೆನೆಂದರೆ ಆಗದು. ವೃದ್ಧ ತಾಯಿ ದೂರವಾಣಿಯಲ್ಲಿ ಊರಿನ ಸುದ್ದಿ ಹೇಳುವಾಗ ಬರಿದೇ ಹೂಂಗುಟ್ಟಿದವನಿಗೆ ಆ ಧ್ವನಿಯು ಮುಂದೊಮ್ಮೆ ಯಾವ ಬೆಲೆಗೂ ದೊರಕದು. ಹಣದ ವಿಷಯದಲ್ಲಿ ಸದ್ಗುಣವಾದ ಮಿತವ್ಯಯ ಸುಖದ ವಿಷಯದಲ್ಲಿ ದಾರಿದ್ರ್ಯವಾಗುವುದು ಹೀಗೆ. ಬಾಳಿನ ಎರಡಾಣೆ ನಿತ್ಯವೂ ಬಾಗಿಲಿಗೆ ಬರುತ್ತದೆ. ಅದನ್ನು ಬರಮಾಡಿಕೊಳ್ಳುವವರು ಮನೆಯಲ್ಲಿರಬೇಕು, ಅಷ್ಟೇ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ನಾಳೆಯ ಚಿಂತೆಯನ್ನು ಬಿಟ್ಟುಬಿಟ್ಟರೆ ಸಂಸಾರ ನಡೆದೀತೆ? ಕಂತು ಕಟ್ಟದವನನ್ನು ಬ್ಯಾಂಕು ಸುಮ್ಮನೆ ಬಿಟ್ಟೀತೆ? ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಕಣ್ಣು ತೂಗಿಸುತ್ತಲೇ ಓದಿ ಮುಂದೆ ಬಂದ ಹುಡುಗರು ನಾಳೆಯನ್ನು ನೆನೆಯದಿದ್ದರೆ ಮೇಜು ಒರೆಸುತ್ತಲೇ ಉಳಿದುಬಿಡುತ್ತಿರಲಿಲ್ಲವೆ? ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಹೆಣೆದುಕೊಂಡಿವೆ. ನಾಳೆಗಾಗಿ ದುಡಿಯುವುದು ಒಂದು. ನಾಳೆಯವರೆಗೆ ಸಂತೋಷಪಡುವುದಿಲ್ಲವೆಂದು ಹಟ ಹಿಡಿಯುವುದು ಇನ್ನೊಂದು. ರಾತ್ರಿಶಾಲೆಯ ಹುಡುಗ ನಾಳೆಯ ನೌಕರಿಗಾಗಿಯೇ ಓದಿದನೆಂಬುದು ನಿಜ. ಆದರೆ ಬಿಡಿಸಲಾರದ ಲೆಕ್ಕವೊಂದು ಥಟ್ಟನೆ ಬಿಡಿಸಿಕೊಂಡಾಗ ಅವನ ಮುಖದಲ್ಲಿ ಮೂಡಿದ ಬೆಳಕು ಅಂದಿನದೇ. ಅದಕ್ಕಾಗಿ ಅವನು ಪರೀಕ್ಷೆಯ ಫಲಿತಾಂಶವನ್ನು ಕಾಯಲಿಲ್ಲ. ದುಡಿಮೆಯ ದೃಷ್ಟಿ ಮುಂದಿರಲಿ. ದುಡಿಯುವವನ ಮನಸ್ಸು ಇಲ್ಲಿರಲಿ.

ಹನ್ನೆರಡನೆಯ ಶತಮಾನದ ಶರಣದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ಇಲ್ಲಿ ಸ್ಮರಣೀಯ. ಅದು ನಡೆದದ್ದು ಕಲ್ಯಾಣದಲ್ಲಿ. ಥಾಣೆಯವರು ನಿತ್ಯ ಗಾಡಿ ಹಿಡಿಯುವ ಕಲ್ಯಾಣವಲ್ಲ ಅದು. ಇಂದು ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತುತಂದಾಗ ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಆಸೆ ಅರಸರಿಗೆ ಸಲ್ಲುವುದೇ ಹೊರತು ಶಿವಭಕ್ತರಿಗಲ್ಲವೆಂದು ತಿಳಿಹೇಳಿ, ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಗಮನಿಸಬೇಕಾದ ಅಂಶವೆಂದರೆ ಲಕ್ಕಮ್ಮ ಕಾಯಕವನ್ನು ಬಿಡೆಂದು ಹೇಳಲಿಲ್ಲ. ನಾಳೆಯ ಭಯವನ್ನು ಇಂದಿನ ಮಡಿಲಿಗೆ ತುಂಬಿಕೊಂಡು ಬರಬೇಡವೆಂದಳು. ದುಡಿಮೆ ಬೇರೆ, ದುಗುಡ ಬೇರೆ ಎಂಬ ವಿವೇಕ ಅಕ್ಕಿ ಆಯ್ದು ಬಾಳಿದ ಆ ಮನೆಯಲ್ಲಿತ್ತು.

ಹಾಗೆಂದು ಹೊಟ್ಟೆಗಿಲ್ಲದವನಿಗೆ ತೃಪ್ತಿಯನ್ನು ಬೋಧಿಸುವುದು ಧರ್ಮವಲ್ಲ. ಮಾಜಿವಾಡಾದ ಇಪ್ಪತ್ತು ಮೂವತ್ತು ಮಹಡಿಗಳ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತವರು ಕೆಲಸ ಮುಗಿದ ಮೇಲೆ ತಗಡಿನ ಗುಡಿಸಲನ್ನು ಕಿತ್ತುಕೊಂಡು ಬೇರೆಡೆಗೆ ನಡೆಯುತ್ತಾರೆ. ಇದ್ದುದರಲ್ಲಿ ಸಂತೋಷಪಡಿರೆಂದು ಅವರಿಗೆ ಹೇಳುವವನು ಮೊದಲು ಅವರ ಕೂಲಿಯನ್ನು ಸರಿಯಾಗಿ ಕೊಟ್ಟಿರಬೇಕು. ಧರ್ಮರಾಜನ ಉತ್ತರವನ್ನು ಮತ್ತೊಮ್ಮೆ ನೋಡಿದರೆ ಈ ಎಚ್ಚರಿಕೆ ಅಲ್ಲಿಯೇ ಇದೆ. ಆತನು ಸುಖಕ್ಕೆ ಬರಿಯ ಮನಸ್ಸು ಸಾಕೆಂದು ಹೇಳಲಿಲ್ಲ. ಸ್ವಂತದ್ದೊಂದು ಮನೆ, ಒಲೆಯ ಮೇಲೆ ಬೇಯಲು ಒಂದು ಹಿಡಿ ಸೊಪ್ಪು, ತಲೆಯ ಮೇಲೆ ಹೊರೆಯಿಲ್ಲದ ಸ್ಥಿತಿ, ಇಷ್ಟನ್ನು ಬೇಕೆಂದೇ ಎಣಿಸಿದನು. ಇಷ್ಟು ಎಲ್ಲರಿಗೂ ದೊರೆಯುವಂತೆ ನೋಡುವುದು ಸಮಾಜದ ಕರ್ತವ್ಯ. ಇದಕ್ಕೂ ಮೀರಿದ್ದನ್ನು ಸುಖದ ಹೆಸರಿನಲ್ಲಿ ಕಾಯುತ್ತ ಕುಳಿತುಕೊಳ್ಳುವುದು ವ್ಯಕ್ತಿಯ ಭ್ರಮೆ.

ಈಗ ಆ ಎರಡು ಶಬ್ದಗಳಿಗೆ ಹಿಂದಿರುಗಬಹುದು. ಸಾಲವೆಂದರೆ ಬ್ಯಾಂಕಿನ ಸಾಲವೊಂದೇ ಅಲ್ಲ. ಬ್ಯಾಂಕಿನ ಸಾಲಕ್ಕೆ ಅವಧಿಯಿದೆ, ಬಡ್ಡಿಗೆ ದರವಿದೆ, ತೀರಿದ ಮೇಲೆ ಕಾಗದಪತ್ರ ಹಿಂದಕ್ಕೆ ಬರುತ್ತದೆ. ನೆರೆಮನೆಯವನ ಮಗ ಅಮೆರಿಕಕ್ಕೆ ಹೋದನೆಂದು, ದಾಯಾದಿಯ ಮನೆಗೆ ಹೊಸ ಕಾರು ಬಂದಿತೆಂದು ಮನುಷ್ಯನು ತನ್ನ ಮೇಲೆ ತಾನೇ ಬರೆದುಕೊಂಡ ಋಣಪತ್ರಗಳಿಗೆ ಅವಧಿಯೂ ಇಲ್ಲ, ಮುಕ್ತಾಯವೂ ಇಲ್ಲ. ಲೆಕ್ಕ ತಪ್ಪದೆ ತಿಂಗಳ ಕಂತನ್ನು ಕಟ್ಟಿ, ಈ ಎರಡನೆಯ ಬಗೆಯ ಸಾಲವನ್ನು ಮಾಡದೆ ಇರುವವನು ಪಾಸುಪುಸ್ತಕದಲ್ಲಿ ಸಾಲಗಾರನಾದರೂ ಮನಸ್ಸಿನಲ್ಲಿ ಅನೃಣಿಯೇ ಸರಿ.

ಪ್ರವಾಸವೂ ಹಾಗೆಯೇ. ಕೊಂಕಣ ರೈಲ್ವೆಯ ಮಾರ್ಗ ೧೯೯೮ರಲ್ಲಿ ಪೂರ್ಣವಾಗಿ ತೆರೆದ ಮೇಲೆ ಕರಾವಳಿಯವರಿಗೆ ಊರು ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರವಾಯಿತು. ಆದರೂ ಊರಿನ ಹಂಬಲ ಕಡಿಮೆಯಾಗಲಿಲ್ಲ, ಆಗಬೇಕಾದುದೂ ಇಲ್ಲ. ಹಂಬಲದಲ್ಲಿ ದೋಷವಿಲ್ಲ. ಇಲ್ಲಿದ್ದಷ್ಟು ಕಾಲವೂ ಇಲ್ಲಿರದಿರುವುದರಲ್ಲಿ ದೋಷವಿದೆ. ಮೂವತ್ತು ವರ್ಷ ಊರಿನ ಕನಸು ಕಂಡು, ನಿವೃತ್ತನಾಗಿ ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತವನನ್ನು ಊರಿನವರು ‘ಮುಂಬಯಿಯವರು’ ಎಂದು ಕರೆಯುತ್ತಾರೆ. ಆಗ ಅವನಿಗೆ ನೆನಪಾಗುವುದು ಥಾಣೆಯ ಮಸುಂದಾ ತಲಾವಿನ ದಂಡೆಯ ಕಡಲೆಕಾಯಿ, ಮಳೆಗಾಲದಲ್ಲಿ ಹಚ್ಚಗಾಗುವ ಯೇವೂರಿನ ಬೆಟ್ಟಸಾಲು, ಎದುರು ಮನೆಯ ಮರಾಠಿ ವೃದ್ಧೆ ಹಬ್ಬಕ್ಕೆ ಕಳುಹಿಸುತ್ತಿದ್ದ ಪೂರಣಪೋಳಿ. ಇಲ್ಲಿದ್ದಾಗ ಅಲ್ಲಿ, ಅಲ್ಲಿಗೆ ಹೋದಾಗ ಇಲ್ಲಿ! ಇಂಥವನಿಗೆ ಭೂಮಂಡಲದಲ್ಲಿ ಎಲ್ಲಿಯೂ ಮನೆಯಿಲ್ಲ. ಊರು ಬಿಟ್ಟ ಕಾಲುಗಳನ್ನು ಗಾಡಿಯಲ್ಲಿ ಹಿಂದಕ್ಕೆ ತರಬಹುದು. ಈ ಹೊತ್ತನ್ನು ಬಿಟ್ಟುಹೋದ ಮನಸ್ಸನ್ನು ತರಲು ಗಾಡಿಯಿಲ್ಲ. ನಿಜವಾದ ಪ್ರವಾಸಿ ಅವನೇ. ಹೀಗೆ ನೋಡಿದರೆ ಹುಟ್ಟಿದೂರಿನಲ್ಲಿಯೇ ಕುಳಿತು ಪ್ರವಾಸಿಯಾಗಿರುವವರುಂಟು. ಮಾಜಿವಾಡಾದ ಹನ್ನೆರಡನೆಯ ಮಹಡಿಯಲ್ಲಿದ್ದು ಅಪ್ರವಾಸಿಯಾದವರೂ ಉಂಟು.

ಸೊಪ್ಪು ಬೇಯಿಸುವ ಮಾತೂ ಅಲಕ್ಷ್ಯಕ್ಕೆ ಅರ್ಹವಲ್ಲ. ಧರ್ಮರಾಜನ ಸುಖಿಯು ಬೇರೆಯವರು ಬಡಿಸಿದ್ದನ್ನು ಉಣ್ಣುವವನಲ್ಲ, ತಾನೇ ಬೇಯಿಸುವವನು. ನಗರದ ಮನೆಗಳಲ್ಲಿ ನಸುಕಿನ ಐದು ಗಂಟೆಗೆ ಒಲೆ ಹೊತ್ತಿಸಿ, ಮೂವರ ಡಬ್ಬಿ ಕಟ್ಟಿ, ಅನೇಕ ವೇಳೆ ತಾನೂ ನೌಕರಿಗೆ ಓಡುವ ಗೃಹಿಣಿಯ ಪಾಲಿಗೆ ಆ ಸೊಪ್ಪು ಸುಖವೋ, ಕೇವಲ ದುಡಿಮೆಯೋ? ಮನೆಮಂದಿಯ ಸಂತೋಷವೆಲ್ಲ ಒಬ್ಬಳ ಆಯಾಸದ ಮೇಲೆ ನಿಂತಿದ್ದರೆ ಅದು ಅವಳಿಂದ ಪಡೆದ ಸಾಲ. ವಾರಕ್ಕೊಂದು ದಿನವಾದರೂ ಗಂಡನು ಬಸಳೆ ಹೆಚ್ಚಲು ಕುಳಿತರೆ, ಮಗ ತೆಂಗಿನಕಾಯಿ ತುರಿದರೆ, ಆಕೆ ನಿಶ್ಚಿಂತೆಯಿಂದ ಕಾಫಿ ಕುಡಿದರೆ ಆ ಸಾಲ ಅಷ್ಟಾದರೂ ತೀರುತ್ತದೆ. ಅಡುಗೆಮನೆಯ ಆ ಅರ್ಧ ತಾಸಿನ ನಗು, ಯಾವ ಪ್ರವಾಸಕ್ಕೆಂದು ಹಣ ಕೂಡಿಡಲಾಗುತ್ತಿದೆಯೋ ಆ ಪ್ರವಾಸದ ನಗುವಿಗಿಂತ ಕಡಿಮೆಯದೇನಲ್ಲ.

ನಿತ್ಯದ ಓಡಾಟದಲ್ಲಿಯೇ ಹಬ್ಬವನ್ನು ಕಾಣುವ ಜಾಣ್ಮೆ ಈ ನಗರದ ಜನರಿಗೆ ತಿಳಿಯದುದಲ್ಲ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರದಿಂದ ಥಾಣೆಗೆ ೩೪ ಕಿಲೋಮೀಟರು ದೂರ ಓಡಿದ ಗಾಡಿಯೇ ಈ ದೇಶದ ಮೊದಲ ಪ್ರಯಾಣಿಕರ ರೈಲು. ಅಂದು ಅದರಲ್ಲಿ ಸುಮಾರು ೪೦೦ ಮಂದಿ ಅತಿಥಿಗಳಿದ್ದರು. ಇಂದು ಅದೇ ದಾರಿಯ ಒಂದೊಂದು ಲೋಕಲ್ ಗಾಡಿಯಲ್ಲಿ ಅದರ ಹತ್ತಾರು ಪಟ್ಟು ಜನ ತುಂಬಿಕೊಳ್ಳುತ್ತಾರೆ. ಆ ನೂಕುನುಗ್ಗಲಿನಲ್ಲಿಯೇ ಭಜನಾ ಮಂಡಳಿಗಳು ತಾಳ ಹಿಡಿದು ವಿಠ್ಠಲನ ನಾಮವನ್ನು ಹಾಡುತ್ತ ಹೋಗುತ್ತವೆ. ದೇವಸ್ಥಾನಕ್ಕೆ ಹೋಗಲು ಬಿಡುವಾದ ಮೇಲೆ ಎಂದು ಅವರು ಕಾಯಲಿಲ್ಲ. ದಸರೆಯ ಮುನ್ನಾದಿನಗಳಲ್ಲಿ ನಿತ್ಯದ ಪ್ರಯಾಣಿಕರು ತಾವು ಹತ್ತುವ ಡಬ್ಬಿಗೆ ಚೆಂಡುಹೂವಿನ ಮಾಲೆ ಕಟ್ಟಿ, ಮಾವಿನೆಲೆಯ ತೋರಣ ಬಿಗಿದು, ದೇವರ ಪಟವಿಟ್ಟು ಪೂಜೆ ಮಾಡಿ ಪೇಡೆ ಹಂಚುತ್ತಾರೆ. ರೈತನು ನೇಗಿಲಿಗೆ, ಕಮ್ಮಾರನು ಸುತ್ತಿಗೆಗೆ ಮಾಡುವ ಆಯುಧಪೂಜೆಯನ್ನು ನಗರದವನು ತನ್ನನ್ನು ನಿತ್ಯವೂ ಹೊತ್ತು ತಿರುಗುವ ಗಾಡಿಗೆ ಸಲ್ಲಿಸುತ್ತಾನೆ. ಮೇಲೆ ಹೇಳಿದ ೮೭೫ ದಿನಗಳನ್ನು ಬಾಳಿನ ಲೆಕ್ಕಕ್ಕೆ ಸೇರಿಸಿಕೊಳ್ಳುವ ಬಗೆ ಇದೇ.

ನವರಾತ್ರಿಯಲ್ಲಿ ಪಾರಾಯಣ ಮಾಡುವ ದೇವೀಮಾಹಾತ್ಮ್ಯದ ಐದನೆಯ ಅಧ್ಯಾಯದಲ್ಲಿ ದೇವತೆಗಳು ಜಗನ್ಮಾತೆಯನ್ನು ಸ್ತುತಿಸುವ ರೀತಿಯೂ ಇದನ್ನೇ ಸೂಚಿಸುತ್ತದೆ. ಆಕೆ ಸಕಲ ಜೀವಿಗಳಲ್ಲಿ ಬುದ್ಧಿಯ ರೂಪದಿಂದ, ಶಕ್ತಿಯ ರೂಪದಿಂದ ಇದ್ದಾಳೆಂದು ಹೇಳಿ ಅವರು ಸುಮ್ಮನಾಗುವುದಿಲ್ಲ. ನಿದ್ರೆಯ ರೂಪದಿಂದ, ಹಸಿವಿನ ರೂಪದಿಂದ, ತುಷ್ಟಿಯ ರೂಪದಿಂದ, ತಾಯ್ತನದ ರೂಪದಿಂದಲೂ ಇದ್ದಾಳೆಂದು ನಮಿಸುತ್ತಾರೆ. ದಣಿದು ಬಂದವನ ಹಸಿವು, ಉಂಡವನ ತೃಪ್ತಿ, ಮಲಗಿದವನ ನಿದ್ದೆ, ಇವೆಲ್ಲ ದೇವಿಯ ಸನ್ನಿಧಾನಗಳೇ ಆದರೆ ದರ್ಶನಕ್ಕೆಂದು ಯಾವ ನಾಳೆಯನ್ನು ಕಾಯಬೇಕು? ಒಂಬತ್ತು ದಿನ ದೀಪ ಹಚ್ಚಿ ಆರಾಧಿಸುವ ತಾಯಿ ಹತ್ತನೆಯ ದಿನ ಊಟದ ಎಲೆಯ ಮುಂದೆ ಮರೆತುಹೋಗಬಾರದು.

ಯಕ್ಷಪ್ರಶ್ನೆಯಲ್ಲಿ ಸುಖಿ ಯಾರೆಂಬ ಪ್ರಶ್ನೆಯ ಜೊತೆಯಲ್ಲಿಯೇ ಇನ್ನೆರಡು ಪ್ರಶ್ನೆಗಳು ಬರುತ್ತವೆ. ಆಶ್ಚರ್ಯ ಯಾವುದು, ವಾರ್ತೆ ಯಾವುದು ಎಂದು. ದಿನದಿನವೂ ಜೀವಿಗಳು ಯಮನ ಮನೆಗೆ ನಡೆಯುತ್ತಿದ್ದರೂ ಉಳಿದವರು ತಾವು ಮಾತ್ರ ಸ್ಥಿರವೆಂದು ಬಗೆಯುವುದೇ ಆಶ್ಚರ್ಯ ಎಂಬುದು ಒಂದಕ್ಕೆ ಉತ್ತರ. ಸೂರ್ಯನ ಬೆಂಕಿಯಲ್ಲಿ, ಹಗಲಿರುಳುಗಳ ಸೌದೆಯಿಂದ, ತಿಂಗಳು ಋತುಗಳ ಸೌಟನ್ನಾಡಿಸುತ್ತ ಕಾಲವು ಪ್ರಾಣಿಗಳನ್ನು ಮೋಹದ ಕಡಾಯಿಯಲ್ಲಿ ಬೇಯಿಸುತ್ತಿರುವುದೇ ವಾರ್ತೆ ಎಂಬುದು ಇನ್ನೊಂದಕ್ಕೆ. ಕಾಲ ಬೇಯಿಸುವುದಕ್ಕೂ ಸುಖಿಯು ಸೊಪ್ಪು ಬೇಯಿಸುವುದಕ್ಕೂ ಮೂಲದಲ್ಲಿ ಇರುವುದು ಒಂದೇ ಕ್ರಿಯಾಪದ. ಸುಖವನ್ನು ಮುಂದಕ್ಕೆ ಹಾಕುವವನು ತಾನು ಸ್ಥಿರನೆಂದು ನಂಬಿದವನು. ಆ ಆಶ್ಚರ್ಯಕ್ಕೆ ಅವನೇ ನಿದರ್ಶನ. ಕಾಲದ ಒಲೆ ಯಾರ ಅಪ್ಪಣೆಗೂ ಕಾಯದೆ ಉರಿಯುತ್ತಿರುತ್ತದೆ. ಅದರ ನಡುವೆ ಮನುಷ್ಯನಿಗೆ ಸಾಧ್ಯವಿರುವುದು ತನ್ನ ಪುಟ್ಟ ಒಲೆಯನ್ನು ಹೊತ್ತಿಸಿ, ಬಂದವರಿಗೆ ಬಡಿಸಿ, ತಾನೂ ಉಣ್ಣುವುದು.

ಈ ಮಾತುಗಳನ್ನು ಆಡಿದ ಧರ್ಮರಾಜನು ಆಗ ಯಾವ ಸ್ಥಿತಿಯಲ್ಲಿದ್ದನೆಂಬುದನ್ನು ಮರೆಯಬಾರದು. ಆತನಿಗೆ ಮನೆಯಿಲ್ಲ, ಒಲೆಯಿಲ್ಲ. ಹನ್ನೆರಡು ವರ್ಷಗಳ ಪ್ರವಾಸಿ. ತಮ್ಮಂದಿರ ದೇಹಗಳು ಎದುರಿಗೇ ಬಿದ್ದಿವೆ. ಉತ್ತರಗಳಿಂದ ತೃಪ್ತನಾದ ಯಕ್ಷನು ಒಬ್ಬ ತಮ್ಮನನ್ನು ಬದುಕಿಸುವೆನೆಂದಾಗ ಆತನು ಕೇಳಿದ್ದು ನಕುಲನನ್ನು. ಆನೆಗಳ ಬಲವುಳ್ಳ ಭೀಮನನ್ನೇಕೆ ಬಿಟ್ಟೆ, ಪಾಂಡವರ ಭರವಸೆಯೇ ಆದ ಅರ್ಜುನನನ್ನೇಕೆ ಬಿಟ್ಟೆ ಎಂದು ಯಕ್ಷನೇ ಬೆರಗಾಗುತ್ತಾನೆ. ಮುಂದೆ ಯುದ್ಧವಿದೆ, ರಾಜ್ಯವನ್ನು ಮರಳಿ ಪಡೆಯಬೇಕಾಗಿದೆ. ನಾಳೆಯ ಲೆಕ್ಕ ಹಾಕುವವನು ನಕುಲನ ಹೆಸರನ್ನು ಹೇಳಲಾರನು. ಆದರೆ ಧರ್ಮರಾಜನು ಕಂಡದ್ದು ಇಬ್ಬರು ತಾಯಂದಿರನ್ನು. ಕುಂತಿಗೆ ತಾನೊಬ್ಬ ಉಳಿದಿರುವಾಗ ಮಾದ್ರಿಗೂ ಒಬ್ಬ ಮಗನಿರಲಿ ಎಂಬುದಷ್ಟೇ ಆತನ ವಿಚಾರ. ನಾಳೆಯ ಗೆಲುವಿಗಾಗಿ ಇಂದಿನ ನ್ಯಾಯವನ್ನು ಆತನು ಮಾರಲಿಲ್ಲ. ಕಡೆಗೆ ನಾಲ್ವರೂ ಎದ್ದುದು ಆ ನಿರ್ಧಾರದ ಫಲ. ಆದರೆ ಫಲ ಬರುವುದೆಂದು ತಿಳಿದು ಆತನು ನಿರ್ಧರಿಸಿದುದಲ್ಲ. ಇಂದಿನ ಘಳಿಗೆಗೆ ಸಲ್ಲಬೇಕಾದುದನ್ನು ಸಲ್ಲಿಸುವವನ ನಾಳೆಯೂ ಬರಿದಾಗುವುದಿಲ್ಲ ಎಂಬ ಭರವಸೆ ಆ ಕಥೆಯಲ್ಲಿದೆ.

ವನವಾಸದ ಬಳಿಕ ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಕಟ್ಟಿಟ್ಟದ್ದು ಶಮೀವೃಕ್ಷದಲ್ಲಿ. ವಿಜಯದಶಮಿಯಂದು ಉತ್ತರ ಕರ್ನಾಟಕದಲ್ಲಿ ಆ ಬನ್ನಿಯ ಎಲೆಗಳನ್ನು ಬಂಗಾರವೆಂದು ಕೈಗೆ ಕೈ ಕೊಟ್ಟು ಹಂಚಿಕೊಳ್ಳುತ್ತಾರೆ. ಮಹಾರಾಷ್ಟ್ರದಲ್ಲಿ ಆಪಟೆಯ ಎಲೆಗಳು ಸೋನೆಯಾಗಿ ಮನೆಮನೆಗೆ ತಿರುಗುತ್ತವೆ. ಮಾಜಿವಾಡಾದ ಕನ್ನಡಿಗನಿಗೆ ಎರಡೂ ಬಂಗಾರ ದೊರೆಯುವುದು ಅವನ ಭಾಗ್ಯ. ಪೇಟೆಯ ಬಂಗಾರದ ದರ ನಾಳೆ ಏರೀತು, ಇಳಿದೀತು. ಈ ಎಲೆಯ ಬಂಗಾರ ನಾಳೆಗೆ ಬಾಡುತ್ತದೆ. ಆದುದರಿಂದಲೇ ಅದನ್ನು ಇಂದೇ ಕೊಡಬೇಕು, ಇಂದೇ ಪಡೆಯಬೇಕು. ಬಾಗಿಲಿಗೆ ಬಂದ ಮನುಷ್ಯನ ಮುಖವನ್ನು ನೋಡಿ, ಎಲೆಯನ್ನು ಕೈಯಲ್ಲಿರಿಸಿ, ಹಿರಿಯರ ಕಾಲಿಗೆ ನಮಸ್ಕರಿಸಿದ ಆ ಕ್ಷಣಕ್ಕೆ ಕೊರತೆಯೇನೂ ಇಲ್ಲ. ಹೊರನಾಡಿನ ಪ್ರತಿಯೊಂದು ಕನ್ನಡ ಮನೆಯ ಒಲೆಯ ಮೇಲೂ ಈ ದಿನ ಏನಾದರೊಂದು ಬೇಯುತ್ತಿರಲಿ. ಅದನ್ನು ಉಣ್ಣುವವರ ಮನಸ್ಸು ಆ ಮನೆಯಲ್ಲಿಯೇ ಇರಲಿ. ತುಷ್ಟಿರೂಪಿಣಿಯಾದ ಜಗನ್ಮಾತೆಯು ಸರ್ವರಿಗೂ ಇಷ್ಟನ್ನು ಅನುಗ್ರಹಿಸಲಿ.